ಸಬ್‌ಸ್ಟೇಷನ್ ದೊಡ್ಡದಾಯ್ತು, ಮಳೆನೀರೆಲ್ಲ ನಮ್ಮ ಕ್ರಾಸಿಗೆ. ಯಾರನ್ನ ಹಿಡೀಬೇಕು?

ಐದನೇ_ಕ್ರಾಸ್
ನಮಸ್ಕಾರ ಎಲ್ರಿಗೂ. ನಮ್ಮ ಬಡಾವಣೆ ಮೇಲ್ಭಾಗದಲ್ಲಿ ಮೊದಲಿಂದಲೂ ಒಂದು 66 ಕೆ.ವಿ. ಸಬ್‌ಸ್ಟೇಷನ್ ಇದೆ. ಅದರ ಹಿಂದೆ ಸುಮಾರು ಎರಡು ಎಕರೆ ಖಾಲಿ ಜಾಗ ಇತ್ತು. ಹೊಂಗೆ ಮರ, ಹುಲ್ಲು, ಸಂಜೆ ಹುಡುಗರ ಕ್ರಿಕೆಟ್ಟು. ಈಗ ಅದನ್ನೂ ಸೇರಿಸ್ಕೊಂಡು ಸ್ಟೇಷನ್ ವಿಸ್ತರಣೆ ಮಾಡಿದ್ದಾರೆ. ಮಣ್ಣು ತುಂಬಿ ಎತ್ತರ ಮಾಡಿ, ರೋಲರ್ ಹೊಡೆದು, ಜಲ್ಲಿ ಹಾಸಿ, ಸುತ್ತ ಕಾಂಪೌಂಡ್ ಎಬ್ಬಿಸಿದ್ದಾರೆ.

ಕರೆಂಟ್ ಬೇಡ ಅಂತ ಯಾರೂ ಹೇಳ್ತಿಲ್ಲ. ಆದ್ರೆ ಜೋರು ಮಳೆ ಬಂದ್ರೆ ಗೋಡೆ ಬುಡದ ಪೈಪುಗಳಿಂದ ಕೆಂಪು ನೀರು ಸೀದಾ ನಮ್ಮ ರಸ್ತೆಗೆ ಹಾರುತ್ತೆ. ತಗ್ಗಿನ ಮನೆಗಳ ಸಂಪಿಗೆ ಕೆಸರು ನುಗ್ಗಿದೆ. ಸ್ಟೇಷನ್ನಲ್ಲಿ ಕೇಳಿದ್ರೆ "ನಾವು ಚರಂಡಿಗೆ ಬಿಟ್ಟಿದ್ದೀವಿ, ಚರಂಡಿ ನಮ್ಮದಲ್ಲ" ಅಂತಾರೆ. ಚರಂಡಿಯವರು "ನೀರು ನಮ್ಮದಲ್ಲ" ಅಂತಾರೆ. ಬೀದಿಯಲ್ಲಿ ಅರ್ಧ ಜನ ಪೈಪಿಗೆ ಸಿಮೆಂಟ್ ಮೆತ್ತೋಣ ಅಂತ ಹೊರಟಿದ್ದಾರೆ. ಇಂಥದ್ದು ಬೇರೆ ಕಡೆ ಯಾರಿಗಾದ್ರೂ ಆಗಿದೆಯಾ? ಏನು ಕೇಳಿದ್ರೆ ಕೆಲಸ ಆಗುತ್ತೆ?

ಮಳೆ_ಮಗಾ
ಮೆತ್ತಿಬಿಡಿ ಗುರು. ನೀರು ಅವರ ಒಳಗೇ ನಿಂತ್ರೆ ತಾನೇ ದಾರಿಗೆ ಬರ್ತಾರೆ.

ನಿವೃತ್ತ_ಎಲೆಕ್ಟ್ರಿಕಲ್
ದಯವಿಟ್ಟು ಆ ಕೆಲಸ ಮಾಡಬೇಡಿ. ಗೋಡೆ ಬುಡದಲ್ಲಿರುವುದು ವೀಪ್ ಹೋಲ್. ತುಂಬಿದ ಮಣ್ಣು ನೀರು ಕುಡಿದಾಗ ಗೋಡೆಯನ್ನು ಹೊರಗೆ ತಳ್ಳುತ್ತದೆ. ಆ ಒತ್ತಡ ಇಳಿಯಲೆಂದೇ ತೂತು ಬಿಡುವುದು. ಮುಚ್ಚಿದರೆ ನೀರು ನಿಲ್ಲುವುದು ಮಾತ್ರವಲ್ಲ, ಗೋಡೆಯೇ ಮಲಗಬಹುದು, ಅದೂ ನಿಮ್ಮ ಕಡೆಗೇ. ಮಳೆಗಾಲದಲ್ಲಿ ಬೆಂಗಳೂರಿನಲ್ಲಿ ಕಾಂಪೌಂಡ್ ಕುಸಿದು ಜನ ಸಾಯುವ ಸುದ್ದಿ ಓದುತ್ತಲೇ ಇರುತ್ತೇವೆ.

ಇನ್ನೊಂದು ಮಾತು. ನೀರು ಎಷ್ಟೇ ಬರಲಿ, ಯಾರೂ ಗೇಟು ಹಾರಿ ಯಾರ್ಡ್ ಒಳಗೆ ಇಳಿಯಬಾರದು. ಒಳಗೆ ಅಪಾಯ ಕಂಡರೆ ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ.

ಮಳೆ_ಮಗಾ
ಗೋಡೆ ಬೀಳೋದು ಬೇಡ ಸರ್. ಆದ್ರೆ ವೀಪ್ ಹೋಲ್‌ನಿಂದ ನೀರು ಜಿನುಗಬೇಕು ತಾನೇ? ಇವರು ಹೇಳ್ತಿರೋದು ಹಾರುತ್ತೆ ಅಂತ. ಅಂದ್ರೆ ಮೇಲಿನ ಮಳೆನೀರನ್ನೂ ಅದರಲ್ಲೇ ಬಿಟ್ಟಿದ್ದಾರೆ.

ನಿವೃತ್ತ_ಎಲೆಕ್ಟ್ರಿಕಲ್
ಸರಿಯಾದ ಪ್ರಶ್ನೆ. ಯಾರ್ಡಿನ ಮೇಲ್ಮೈ ನೀರಿಗೆ ಬೇರೆ ಚರಂಡಿ ಇರಬೇಕು. ಅದು ಇಲ್ಲ, ಅಥವಾ ಕಟ್ಟಿಕೊಂಡಿದೆ.

ಧಾರವಾಡದಾಂವ
ಅಲ್ರೀ, ಅಷ್ಟ ಎತ್ತರ ಯಾಕ ಮಾಡ್ಬೇಕಾಗಿತ್ತು? ಇದ್ದ ನೆಲದ ಮ್ಯಾಲೆ ಕಂಬ ನಿಲ್ಲಿಸಿದ್ರ ಆಗ್ತಿದ್ದಿಲ್ಲೇನು?

ನಿವೃತ್ತ_ಎಲೆಕ್ಟ್ರಿಕಲ್
@ಧಾರವಾಡದಾಂವ, ಆಗುವುದಿಲ್ಲ. ಸಬ್‌ಸ್ಟೇಷನ್ ಮುಳುಗಿದರೆ ನಿಮ್ಮ ಕ್ರಾಸಿನ ಜತೆ ಹತ್ತು ಬಡಾವಣೆ ಕತ್ತಲೆ. 2022ರ ಸೆಪ್ಟೆಂಬರ್ ನೆನಪಿರಬೇಕು. ಬೆಂಗಳೂರಿಗೆ ಕಾವೇರಿ ನೀರು ಕಳಿಸುವ, ಮಳವಳ್ಳಿ ತಾಲೂಕಿನ ಟಿ.ಕೆ. ಹಳ್ಳಿ ಪಂಪ್‌ಹೌಸಿಗೆ ನೀರು ನುಗ್ಗಿ ಯಂತ್ರಗಳು ಮುಳುಗಿದವು. ಇಲ್ಲಿ ಊರು ತುಂಬ ಪ್ರವಾಹ, ನಲ್ಲಿಯಲ್ಲಿ ಮಾತ್ರ ಕಾವೇರಿ ಇಲ್ಲ. ಅಮೆರಿಕದಲ್ಲೂ 2012ರ ಅಕ್ಟೋಬರ್ 29ರಂದು ಸ್ಯಾಂಡಿ ಚಂಡಮಾರುತದ ರಾತ್ರಿ ನ್ಯೂಯಾರ್ಕಿನ ಒಂದು ಸಬ್‌ಸ್ಟೇಷನ್‌ಗೆ ನೀರು ಹೊಕ್ಕು ಸ್ಫೋಟವಾಗಿ, ಮ್ಯಾನ್‌ಹಟನ್ನಿನ ಕೆಳಭಾಗವೆಲ್ಲ ಕತ್ತಲಾಯಿತು.

ಕಂಟ್ರೋಲ್ ರೂಮಿನ ಪ್ಯಾನೆಲ್, ಬ್ಯಾಟರಿ, ಕೇಬಲ್ ಟ್ರೆಂಚ್ ಇವು ನೀರು ತಡೆಯುವುದಿಲ್ಲ. ಟ್ರೆಂಚ್‌ನಲ್ಲಿ ನೀರು ನಿಂತರೆ ಕಪ್ಪೆ, ಕಪ್ಪೆ ಹಿಂದೆ ಹಾವು. ನೈಟ್ ಶಿಫ್ಟ್ ಮಾಡಿದವರಿಗೆ ಗೊತ್ತು. ಎತ್ತರ ಮಾಡಿದ್ದು ಸರಿ. ಎತ್ತರ ಮಾಡಿದ ಮೇಲೆ ಕೆಳಗಿನವರ ಪಾಡೇನು ಎಂದು ಲೆಕ್ಕ ಹಾಕದ್ದು ತಪ್ಪು.

ಕೆರೆ_ಕೋಡಿ
ನ್ಯೂಯಾರ್ಕ್‌ಗೆ ನುಗ್ಗಿದ್ದು ಸಮುದ್ರದ ನೀರು, ಟಿ.ಕೆ. ಹಳ್ಳಿಗೆ ನುಗ್ಗಿದ್ದು ಉಕ್ಕಿದ ಹೊಳೆ. ಇಲ್ಲಿ ಹೊಳೆಯೂ ಇಲ್ಲ, ಸಮುದ್ರವೂ ಇಲ್ಲ. ಇವರ ಕ್ರಾಸಿಗೆ ಬರ್ತಿರೋದು ಆ ಎರಡು ಎಕರೆ ಮೇಲೆ ಬಿದ್ದ ಮಳೆ, ಅಷ್ಟೇ. ಭಯ ಹುಟ್ಟಿಸೋ ಉದಾಹರಣೆ ಬಿಟ್ಟು ಲೆಕ್ಕ ಹಾಕೋಣ.

ಲೆಕ್ಕದ_ಮೇಷ್ಟ್ರು
ಲೆಕ್ಕ ಅಂದಿರಲ್ಲ, ಬಂದೆ.

ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಅಂದ್ರೆ ಒಂದು ಲೀಟರ್. ಎಕರೆಗೆ 4047 ಚ.ಮೀ., ಎರಡು ಎಕರೆಗೆ 8094. ಒಂದು ಗಂಟೆಯಲ್ಲಿ 40 ಮಿ.ಮೀ. ಹೊಡೀತು ಅಂತಿಟ್ಕೊಳ್ಳಿ, ಬೆಂಗಳೂರಿನ ಸಂಜೆ ಮಳೆಗೆ ಅದೇನು ದೊಡ್ಡದಲ್ಲ. ಬಿದ್ದ ನೀರು ಸುಮಾರು 3.24 ಲಕ್ಷ ಲೀಟರ್.

ಮೊದಲು ಹುಲ್ಲು, ಮರ, ಸಡಿಲ ಕೆಂಪು ಮಣ್ಣು. ನೂರಕ್ಕೆ ಮೂವತ್ತು ಹರೀತಿತ್ತು ಅಂದ್ರೂ 97 ಸಾವಿರ ಲೀಟರ್. ಈಗ ರೋಲರ್ ಹೊಡೆದ ನೆಲ, ಕಾಂಕ್ರೀಟ್ ರಸ್ತೆ, ಕಟ್ಟಡದ ಸೂರು. ನೂರಕ್ಕೆ ಎಂಬತ್ತು ಅಂತಿಟ್ರೆ 2.59 ಲಕ್ಷ. ಒಂದೇ ಗಂಟೆಗೆ ಹೆಚ್ಚಾಗಿದ್ದು 1.62 ಲಕ್ಷ ಲೀಟರ್. ಆರು ಸಾವಿರ ಲೀಟರಿನ ಟ್ಯಾಂಕರ್ 27 ತಂದು ನಿಮ್ಮ ಕ್ರಾಸಿನ ತುದಿಯಲ್ಲಿ ವಾಲ್ವ್ ತಿರುಗಿಸಿದ ಹಾಗೆ.

ಕೇಳಬೇಕಾದ್ದು ಈ 1.62 ಲಕ್ಷದ ಬಗ್ಗೆ ಮಾತ್ರ. ಮೊದಲಿನ 97 ಸಾವಿರ ಇಳಿಜಾರಿನ ಹಣೆಬರಹ, ಅದು ಮುಂಚೆಯೂ ಬರ್ತಿತ್ತು.

40_60_ಸೈಟು
ಮೇಷ್ಟ್ರೇ, ಜಲ್ಲಿ ಹಾಸಿದ್ರೆ ನೀರು ಇಂಗುತ್ತಲ್ವಾ? ನೂರಕ್ಕೆ ಎಂಬತ್ತು ಜಾಸ್ತಿ ಆಯ್ತು. ನಮ್ಮನೆ ಕಾರ್ ನಿಲ್ಲಿಸೋ ಜಾಗಕ್ಕೆ ಜಲ್ಲಿ ಹಾಕಿಸಿದ್ದೀನಿ, ಒಂದು ಹನಿ ಹೊರಗೆ ಹೋಗಲ್ಲ.

ಒಳಗಿನವನು
ಮೇಡಂ, ನಿಮ್ಮನೆ ಜಲ್ಲಿ ಕೆಳಗೆ ಮಣ್ಣಿದೆ. ಯಾರ್ಡ್ ಜಲ್ಲಿ ಕೆಳಗೆ ಗಟ್ಟಿ ಮಾಡಿದ ನೆಲ, ಎಷ್ಟೋ ಕಡೆ ಕಳೆ ಬರಬಾರದು ಅಂತ ತೆಳ್ಳಗೆ ಪಿಸಿಸಿ (ಕಂಬಿ ಇಲ್ಲದ ಕಾಂಕ್ರೀಟ್) ಕೂಡ ಹಾಕಿರ್ತಾರೆ. ಜಲ್ಲಿ ದಾಟಿದ ನೀರು ಅದರ ಮೇಲೆ ಜಾರ್ಕೊಂಡು ಗೋಡೆ ಬುಡಕ್ಕೆ ಬರುತ್ತೆ. ಮೊದಲ ಹತ್ತು ನಿಮಿಷ ತಡೆಯುತ್ತೆ, ಆಮೇಲೆ ಇಲ್ಲ. ಎಂಬತ್ತಲ್ಲ, ಎಪ್ಪತ್ತು ಅನ್ನಿ ಬೇಕಾದ್ರೆ. ಬಹಳ ವ್ಯತ್ಯಾಸ ಆಗಲ್ಲ.

ಮಳೆ_ಮಗಾ
ಹಂಗಾದ್ರೆ ಜಲ್ಲಿ ತೆಗೆದು ಹುಲ್ಲು ಹಾಕ್ಸಿ. ನೋಡೋಕೂ ಚೆಂದ.

ಒಳಗಿನವನು
ಹುಲ್ಲು ಹಾಕ್ಸಿದ್ರೆ ನಾನು ರಾಜೀನಾಮೆ ಕೊಡ್ತೀನಿ 😄 ಜಲ್ಲಿ ಇರೋದು ಅಲಂಕಾರಕ್ಕಲ್ಲ. ಎಲ್ಲೋ ಫಾಲ್ಟ್ ಆಗಿ ಕರೆಂಟ್ ನೆಲಕ್ಕೆ ಇಳಿದಾಗ, ನಾವು ನಿಂತ ಒಂದು ಕಾಲಿಗೂ ಇನ್ನೊಂದು ಕಾಲಿಗೂ ನಡುವೆ ವೋಲ್ಟೇಜ್ ಬರುತ್ತೆ. ಸ್ಟೆಪ್ ಪೊಟೆನ್ಷಿಯಲ್ ಅಂತಾರೆ. ನಾಲ್ಕೈದು ಇಂಚು ಜಲ್ಲಿ ಕಾಲಿಗೂ ನೆಲಕ್ಕೂ ನಡುವೆ ತಡೆ. ಒದ್ದೆಯಾದ್ರೂ ಮಣ್ಣಿಗಿಂತ ಎಷ್ಟೋ ವಾಸಿ. ಅದಕ್ಕೇ ಮಣ್ಣು ತೊಳ್ಕೊಂಡು ಬಂದು ಜಲ್ಲಿ ಸಂದೆಲ್ಲ ತುಂಬಿದ್ರೆ ನಮಗೂ ಅಪಾಯ. ನೀರು ಸರಿಯಾಗಿ ಹರಿದು ಹೋಗಲಿ ಅಂತ ಒಳಗೆ ಕೆಲಸ ಮಾಡೋರೂ ಬಯಸ್ತಾರೆ, ನಮ್ಮನ್ನ ಶತ್ರು ಅನ್ಕೋಬೇಡಿ.

ವಾಕಿಂಗ್_ಅಂಕಲ್
ಎಲ್ಲರೂ ಸಬ್‌ಸ್ಟೇಷನ್ ಅಂತಲೇ ಬಡ್ಕೋತಿದ್ದೀರಿ. ನಾನೂ ಆ ಕಡೆ ವಾಕಿಂಗ್ ಹೋಗೋನು. ಆ ಮುಖ್ಯರಸ್ತೆಗೆ ವೈಟ್ ಟಾಪಿಂಗ್ (ಹಳೇ ರಸ್ತೆ ಮೇಲೆ ಕಾಂಕ್ರೀಟ್ ಪದರ) ಮಾಡಿದ್ಮೇಲೆ ರಸ್ತೆ ಮೇಲೆದ್ದಿದೆ, ಐದನೇ ಕ್ರಾಸ್ ತಗ್ಗಾಗಿದೆ. ಹೊಸ ಚರಂಡಿಯೂ ರಸ್ತೆ ಜತೆ ಮೇಲೆ ಹೋಗಿದೆ. ಸ್ಟೇಷನ್ ಇಲ್ಲದೇ ಇದ್ರೂ ನೀರು ನಿಲ್ತಿತ್ತು.

ಐದನೇ_ಕ್ರಾಸ್
@ವಾಕಿಂಗ್_ಅಂಕಲ್, ರಸ್ತೆ ಮಾಡಿದ್ಮೇಲೆ ಒಂದು ಮಳೆಗಾಲ ಕಳೆದಿದೆ ಅಂಕಲ್. ಆಗ ರಸ್ತೆಯಲ್ಲಿ ಸ್ವಲ್ಪ ನಿಲ್ತಿತ್ತು, ಸಂಪಿಗೆ ಬಂದಿರ್ಲಿಲ್ಲ. ಎರಡೂ ಸೇರಿ ಆಗಿದೆ ಅಂತ ಬೇಕಾದ್ರೆ ಹೇಳಿ.

ವಾಕಿಂಗ್_ಅಂಕಲ್
ಎರಡೂ ಸೇರಿ ಅಂತಲೇ ಹೇಳ್ತಿರೋದು. ಒಬ್ಬರ ಮೇಲೆ ಹಾಕಿದ್ರೆ ಇನ್ನೊಬ್ಬರು ತಪ್ಪಿಸ್ಕೋತಾರೆ.

ಧಾರವಾಡದಾಂವ
ಬೆಂಗಳೂರಾಗ ರಸ್ತೆ ಏರ್ತಾವ, ಮನಿ ಇಳೀತಾವ. ನಮ್ಮ ಓನರ್ ಮನಿಗೆ ಮದಲ ಮೂರ ಮೆಟ್ಲ ಏರಿ ಹೋಗ್ತಿದ್ವಿ, ಈಗ ಒಂದ ಇಳದ ಹೋಗ್ತೀವಿ.

ಹಸಿರು_ಹೆಜ್ಜೆ
ಪರಿಹಾರ ಕಣ್ಣೆದುರಿಗೇ ಇದೆ. ಇಂಗುಬಾವಿ! ಮೂರು ಅಡಿ ಅಗಲ, ಇಪ್ಪತ್ತು ಅಡಿ ಆಳದ ಸಿಮೆಂಟ್ ರಿಂಗ್ ಬಾವಿ. ಬೆಂಗಳೂರಲ್ಲಿ ಮಣ್ಣು ವಡ್ಡರು ತಲೆಮಾರುಗಳಿಂದ ಬಾವಿ ತೋಡಿಕೊಂಡು ಬಂದಿದ್ದಾರೆ, ಕಬ್ಬನ್ ಪಾರ್ಕಿನ ಹಳೇ ಬಾವಿಗಳಿಗೆ ಮರುಜೀವ ಕೊಟ್ಟಿದ್ದೂ ಅವರೇ. 2009ರಿಂದ ಮನೆಗಳಿಗೇ ಮಳೆನೀರು ಕೊಯ್ಲು ಕಡ್ಡಾಯ ಮಾಡಿದ್ದಾರೆ. 60-40 ಸೈಟಿನವರು ಮಾಡ್ಬೇಕು, ಎರಡು ಎಕರೆಯವರು ಮಾಡ್ಬಾರ್ದಾ? ಯಾರ್ಡ್ ತುಂಬ ಇಪ್ಪತ್ತು ಬಾವಿ ಹೊಡೆಸಿ, ಒಂದು ಹನಿ ಹೊರಗೆ ಬರಲ್ಲ.

ಲೆಕ್ಕದ_ಮೇಷ್ಟ್ರು
ಆ ಅಳತೆಯ ಒಂದು ಬಾವಿಗೆ ಹಿಡಿಯೋದು ನಾಲ್ಕು ಸಾವಿರ ಲೀಟರ್. ಇಪ್ಪತ್ತಕ್ಕೆ ಎಂಬತ್ತು ಸಾವಿರ. ಇಂಗೋದನ್ನ ಸೇರಿಸಿದ್ರೂ ಒಂದು ಗಂಟೆಯ ಮಳೆಗೆ ಅರ್ಧವೂ ಕಷ್ಟ. ಬಾವಿ ಬೇಡ ಅಂತಲ್ಲ, ಅದೊಂದೇ ಸಾಲದು.

ನಿವೃತ್ತ_ಎಲೆಕ್ಟ್ರಿಕಲ್
ಲೆಕ್ಕಕ್ಕಿಂತ ಮುಖ್ಯವಾದ ತಕರಾರು ನನ್ನದು. ಟ್ರಾನ್ಸ್‌ಫಾರ್ಮರ್ ಯಾರ್ಡ್‌ನಲ್ಲಿ ಇಂಗುಬಾವಿ ತೋಡಲೇಬಾರದು. ಅಲ್ಲಿರುವ ಒಂದೊಂದು ಪವರ್ ಟ್ರಾನ್ಸ್‌ಫಾರ್ಮರ್ ಹೊಟ್ಟೆಯಲ್ಲಿ ಸಾವಿರಾರು ಲೀಟರ್ ಖನಿಜ ತೈಲ ಇರುತ್ತದೆ. ವಾಲ್ವ್ ಜಿನುಗುತ್ತದೆ, ಗ್ಯಾಸ್ಕೆಟ್ ಸೋರುತ್ತದೆ, ಎಣ್ಣೆ ಫಿಲ್ಟರ್ ಮಾಡುವಾಗ ಚೆಲ್ಲುತ್ತದೆ. ಆ ನೆಲದ ನೀರನ್ನು ಇಪ್ಪತ್ತು ಅಡಿ ಕೆಳಗೆ ಬಿಟ್ಟರೆ ಸುತ್ತಲಿನ ಬೋರ್‌ವೆಲ್ ಕಥೆ ಮುಗಿಯಿತು. ಒಮ್ಮೆ ಇಳಿದ ಎಣ್ಣೆ ಹೊರಗೆ ತೆಗೆಯಲು ಆಗುವುದಿಲ್ಲ.

ಕಂಟ್ರೋಲ್ ರೂಮಿನ ತಾರಸಿ ನೀರಿಗೆ, ಸಿಬ್ಬಂದಿ ಕ್ವಾರ್ಟರ್ಸ್ ಕಡೆಗೆ, ಗೇಟಿನ ಹತ್ತಿರ ಇಂಗುಬಾವಿ ಮಾಡಲಿ. ಅದಕ್ಕೆ ನನ್ನ ಪೂರ್ಣ ಬೆಂಬಲ.

ಹಸಿರು_ಹೆಜ್ಜೆ
ಟ್ರಾನ್ಸ್‌ಫಾರ್ಮರ್ ಕೆಳಗೆ ಎಣ್ಣೆ ಗುಂಡಿ ಇರಬೇಕು ಅಂತ ನಿಯಮವೇ ಇದೆಯಲ್ಲ ಸರ್? ಎಣ್ಣೆ ಅಲ್ಲೇ ನಿಲ್ಲಬೇಕು ತಾನೇ?

ಒಳಗಿನವನು
ನಿಲ್ಲಬೇಕು. ಆದ್ರೆ ಆ ಗುಂಡಿಗೂ ಮೇಲೆ ಸೂರಿಲ್ಲ. ಮಳೆ ಬಂದ್ರೆ ಅದೂ ತುಂಬುತ್ತೆ. ತುಂಬಿದ ಗುಂಡಿ ಇದ್ದು ಏನು ಪ್ರಯೋಜನ? ಟ್ರಾನ್ಸ್‌ಫಾರ್ಮರ್ ಒಡೆದ ದಿನ ಎಣ್ಣೆ ನೀರಿನ ಮೇಲೆ ತೇಲಿ ಹೊರಗೆ ಬರುತ್ತೆ. ಹಾಗಾಗಿ ನೀರು ಆಗಾಗ ತೆಗೀತಾನೇ ಇರ್ಬೇಕು. ತೆಗೆಯೋ ರೀತಿಯಲ್ಲೇ ಎಡವಟ್ಟು ಆಗೋದು. ಮೋಟಾರ್ ಇಟ್ಟು ಎಲ್ಲಾನೂ ಎಳೆದು ಚರಂಡಿಗೆ ಬಿಟ್ರೆ ಮೇಲಿನ ಎಣ್ಣೆ ಪದರವೂ ಹೋಯ್ತು. ಎಣ್ಣೆ ನೀರಿಗಿಂತ ಹಗುರ. ಪಕ್ಕದಲ್ಲಿ ಬೇರ್ಪಡಿಸೋ ತೊಟ್ಟಿ ಇಟ್ಟು ತಳದಿಂದ ನೀರು ಮಾತ್ರ ಬಿಡಬೇಕು, ಮೇಲಿನ ಎಣ್ಣೆ ಬ್ಯಾರಲ್‌ಗೆ.

ಐದನೇ ಕ್ರಾಸಿನವರೇ, ಹರಿದು ಬರೋ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣ ಕಾಣುತ್ತಾ? ಕಂಡ್ರೆ ಫೋಟೋ ತೆಗೆದಿಡಿ. ಅದರ ದೂರು ಬೇರೆ, ಅದು ಮಾಲಿನ್ಯ ನಿಯಂತ್ರಣ ಮಂಡಳಿಗೆ ಹೋಗಬೇಕು.

ಐದನೇ_ಕ್ರಾಸ್
ಬಣ್ಣ ಕಂಡಿಲ್ಲ. ಬರೀ ಕೆಮ್ಮಣ್ಣು.

ಕೆರೆ_ಕೋಡಿ
ನಿಮ್ಮ ಇಳಿಜಾರು ವೃಷಭಾವತಿ ಕಡೆಗಾದ್ರೆ ಆ ನೀರು ಬೈರಮಂಗಲ ಕೆರೆ, ಅರ್ಕಾವತಿ, ಸಂಗಮದಲ್ಲಿ ಕಾವೇರಿ. ಮೊದಲೇ ಆ ಹೊಳೆಯ ಸ್ಥಿತಿ ಎಲ್ಲರಿಗೂ ಗೊತ್ತು. ಕೆಳಗಿನ ರೈತರಿಗೆ ನಮ್ಮ ಎಣ್ಣೆ ಬೇರೆ ಬೇಡ.

ಹಳೇ_ಬೆಂಗಳೂರು
ವಿಷಯಾಂತರಕ್ಕೆ ಕ್ಷಮೆ ಇರಲಿ. ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಶುರುವಾಗಿದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿಗೆ ದೀಪ ಬಂದಿದ್ದು 1905ರಲ್ಲಿ. ಆಗ ಊರು ಚಿಕ್ಕದು, ಕೆರೆಗಳು ಅಷ್ಟೂ ಇದ್ವು. ಈಗ ಧರ್ಮಾಂಬುಧಿ ಕೆರೆ ಮೇಲೆ ಮೆಜೆಸ್ಟಿಕ್ ಬಸ್ ನಿಲ್ದಾಣ, ಸಂಪಂಗಿ ಕೆರೆ ಮೇಲೆ ಕಂಠೀರವ ಸ್ಟೇಡಿಯಂ. ನೀರು ಎಲ್ಲಿಗೆ ಹೋಗ್ಬೇಕು ಪಾಪ.

ಮಳೆ_ಮಗಾ
ಸದ್ಯಕ್ಕೆ ಐದನೇ ಕ್ರಾಸಿಗೆ ಹೋಗ್ತಿದೆ ತಾತ.

ಕಾನೂನು_ಕಟ್ಟೆ
ಪಕ್ಕದಲ್ಲಿ ರಾಜಕಾಲುವೆ ಇದೆಯಾ? ಎನ್‌ಜಿಟಿ (ರಾಷ್ಟ್ರೀಯ ಹಸಿರು ನ್ಯಾಯಮಂಡಳಿ) ಪ್ರಕಾರ ಪ್ರಾಥಮಿಕ ಕಾಲುವೆಗೆ 50 ಮೀಟರ್ ಬಫರ್, ಅಂದ್ರೆ ಏನೂ ಕಟ್ಟಬಾರದ ಅಂಚು. ಅದರೊಳಗೆ ಕಟ್ಟಿದ್ರೆ ಕೋರ್ಟಿಗೆ ಹೋಗಿ, ಒಂದೇ ಏಟಿಗೆ ನಿಲ್ಲುತ್ತೆ.

ಕೆರೆ_ಕೋಡಿ
ಅದು 2016ರ ಆದೇಶ. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನ ರದ್ದು ಮಾಡಿದೆ. ಆಮೇಲೆ ಮತ್ತೆ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ಅಳತೆಗೇ ಬಂತು, ಪ್ರಾಥಮಿಕ, ದ್ವಿತೀಯ, ತೃತೀಯ ಕಾಲುವೆಗೆ ಮಧ್ಯದಿಂದ ಕ್ರಮವಾಗಿ 50, 25, 15 ಮೀಟರ್. ಇಷ್ಟಕ್ಕೂ ಇವರ ಹತ್ತಿರ ಇರೋದು ರಸ್ತೆ ಬದಿ ಚರಂಡಿ. ಅದಕ್ಕೆ ಬಫರ್ ಎಲ್ಲಿಂದ ತರ್ತೀರಿ?

ಕಾನೂನು_ಕಟ್ಟೆ
ಸರಿ. ಆದ್ರೂ ಆರ್‌ಟಿಐ ಹಾಕಿ. ವಿಸ್ತರಣೆಯ ಮಂಜೂರಾದ ನಕ್ಷೆ, ಒಳಗಿನ ಡ್ರೈನೇಜ್ ಡ್ರಾಯಿಂಗ್, ಗುತ್ತಿಗೆಯಲ್ಲಿ ಚರಂಡಿ ಕೆಲಸದ ಅಳತೆ ಪುಸ್ತಕ (ಮಾಡಿದ ಕೆಲಸದ ಅಳತೆ ಬರೆದು ಬಿಲ್ ಮಾಡೋ ದಾಖಲೆ). ಮೂರನ್ನೂ ಒಟ್ಟಿಗೆ ಕೇಳಿ. "ಮಳೆನೀರು ಎಲ್ಲಿಗೆ ಹೋಗುತ್ತೆ" ಅಂತ ಪ್ರಶ್ನೆ ರೂಪದಲ್ಲಿ ಕೇಳಿದ್ರೆ "ಮಾಹಿತಿ ಲಭ್ಯವಿಲ್ಲ" ಅಂತ ಒಂದು ಸಾಲು ಬರುತ್ತೆ. ದಾಖಲೆ ಹೆಸರು ಹೇಳಿ ಕೇಳ್ಬೇಕು.

ನಿವೃತ್ತ_ಎಲೆಕ್ಟ್ರಿಕಲ್
ನಾನು ಕೇಳುವುದಾದರೆ ಒಂದೇ ಬೇಡಿಕೆ ಇಡುತ್ತೇನೆ. ವಿಸ್ತರಣೆಗೆ ಮುಂಚೆ ಎಷ್ಟು ವೇಗದಲ್ಲಿ ನೀರು ಹೊರಗೆ ಬರುತ್ತಿತ್ತೋ ಈಗಲೂ ಅಷ್ಟೇ ಬರಬೇಕು. ಉಳಿದದ್ದು ಒಳಗೆ ನಿಂತು ನಿಧಾನವಾಗಿ ಇಳಿಯಲಿ. ತಗ್ಗಿನ ಮೂಲೆಯಲ್ಲಿ, ಟ್ರಾನ್ಸ್‌ಫಾರ್ಮರ್‌ಗಳಿಂದ ದೂರ, ತಳಕ್ಕೆ ಕಾಂಕ್ರೀಟ್ ಹಾಕಿದ ಒಂದು ಹೊಂಡ. ಮೇಷ್ಟ್ರ ಲೆಕ್ಕದಂತೆ 160 ಘನ ಮೀಟರ್ ಎಂದರೆ ಹತ್ತು ಮೀಟರ್ ಅಗಲ, ಹದಿನಾರು ಉದ್ದ, ಒಂದು ಆಳ. ನಮ್ಮ ಹಿರಿಯರ ಕೆರೆಗಳಿಗೆ ಇದ್ದ ಎರಡೇ ಅಂಗ ಇದಕ್ಕೂ ಬೇಕು. ನಿತ್ಯ ಹರಿಯಲು ತಳದಲ್ಲಿ ತೂಬು, ಅತಿ ಮಳೆಗೆ ಮೇಲೆ ಕೋಡಿ.

ಲೆಕ್ಕದ_ಮೇಷ್ಟ್ರು
ತೂಬಿನ ಅಳತೆ ನಾನು ಹೇಳ್ತೀನಿ. ಮೊದಲಿನ ಹರಿವು ಸೆಕೆಂಡಿಗೆ 27 ಲೀಟರ್. ಒಂದು ಮೀಟರ್ ನೀರು ನಿಂತಾಗ ಅಷ್ಟು ಬಿಡೋಕೆ ಸುಮಾರು ನಾಲ್ಕೂವರೆ ಇಂಚಿನ ತೂತು ಸಾಕು. ತುಂಬಿದ ಹೊಂಡ ಮೂರೂವರೆ ಗಂಟೆ ಹೊತ್ತಿಗೆ ಖಾಲಿ.

40_60_ಸೈಟು
ನಾಲ್ಕೂವರೆ ಇಂಚಾ? ಒಂದು ಗುಟ್ಕಾ ಪ್ಯಾಕೆಟ್ಟು, ಒಂದು ಹಾಲಿನ ಕವರು ಬಂದ್ರೆ ಮುಗೀತು. ಆಮೇಲೆ ಅದೇ ಹೊಂಡದಲ್ಲಿ ಸೊಳ್ಳೆ, ಡೆಂಗಿ. ನೀರು ಹೋದ್ರೆ ಸಾಕು ಅಂತಿದ್ರೆ ಜ್ವರ ತರ್ತೀರಲ್ಲಪ್ಪಾ.

ನಿವೃತ್ತ_ಎಲೆಕ್ಟ್ರಿಕಲ್
ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಸುಮಾರು ಒಂದು ವಾರ ಬೇಕು. ಅದೇ ದಿನ ಒಣಗುವ ಹೊಂಡದಲ್ಲಿ ಹುಟ್ಟುವುದಿಲ್ಲ. ಕಟ್ಟಿಕೊಂಡರೆ ಮಾತ್ರ ನಿಮ್ಮ ಮಾತು ನಿಜವಾಗುತ್ತದೆ ತಾಯಿ. ಅದಕ್ಕೇ ತೂಬಿನ ಮುಂದೆ ಜಾಲರಿ, ಅದಕ್ಕೂ ಮುಂಚೆ ಹೂಳು ನಿಲ್ಲಿಸುವ ಸಣ್ಣ ತೊಟ್ಟಿ ಬೇಕು. ಮುಂಗಾರಿಗೆ ಮುಂಚೆ ಒಮ್ಮೆ, ಸೆಪ್ಟೆಂಬರ್ ಮಳೆಗೆ ಮುಂಚೆ ಒಮ್ಮೆ ಹೂಳೆತ್ತಬೇಕು.

ವಾಕಿಂಗ್_ಅಂಕಲ್
ಕಟ್ಟೋದಕ್ಕೆ ದುಡ್ಡು ಇರುತ್ತೆ, ಹೂಳೆತ್ತೋದಕ್ಕೆ ಇರಲ್ಲ. ಇದನ್ನ ನಲವತ್ತು ವರ್ಷದಿಂದ ನೋಡ್ತಿದ್ದೀನಿ.

ಒಳಗಿನವನು
ನಿಜ ಅಂಕಲ್. ಅದಕ್ಕೇ ಹೂಳೆತ್ತೋದನ್ನ ಸ್ಟೇಷನ್ನಿನ ವಾರ್ಷಿಕ ನಿರ್ವಹಣೆ ಗುತ್ತಿಗೆಯಲ್ಲೇ ಸೇರಿಸಿ ಅಂತ ಬರವಣಿಗೆಯಲ್ಲಿ ಕೇಳಿ. ಗುತ್ತಿಗೆಯಲ್ಲಿ ಇಲ್ಲದ ಕೆಲಸ ಯಾರೂ ಮಾಡಲ್ಲ, ಮಾಡಿದ್ರೆ ಬಿಲ್ ಆಗಲ್ಲ.

ಐದನೇ_ಕ್ರಾಸ್
ಹೊಸ ಸುದ್ದಿ. ಆರ್‌ಟಿಐ ತನಕ ಹೋಗ್ಲಿಲ್ಲ. ಇಲ್ಲಿನ ಲೆಕ್ಕವನ್ನೆಲ್ಲ ಒಂದು ಹಾಳೆಯಲ್ಲಿ ಬರ್ಕೊಂಡು ಸ್ಟೇಷನ್ ಎಂಜಿನಿಯರ್ ಹತ್ರ ಹೋದ್ವಿ. ಗಲಾಟೆ ಮಾಡೋಕೆ ಬಂದಿದ್ದಾರೆ ಅಂತ ಮೊದಲು ಮುಖ ಗಂಟು ಹಾಕಿದ್ರು, "ನಾಲ್ಕೂವರೆ ಇಂಚು" ಅಂದ ತಕ್ಷಣ ಕುರ್ಚಿ ಹಾಕ್ಸಿ ಕೂರಿಸಿದ್ರು. ಡ್ರಾಯಿಂಗ್ ತೆಗೆದು ತೋರ್ಸಿದ್ರು. ಅದರಲ್ಲಿ ತಗ್ಗಿನ ಮೂಲೆಯಲ್ಲಿ ಮಳೆನೀರಿನ ಹೊಂಡ ಇದೆ! ಹೋಗಿ ನೋಡಿದ್ರೆ ಅದೇ ಜಾಗದಲ್ಲಿ ಕೇಬಲ್ ಡ್ರಮ್ಮು, ಹಳೇ ಕಬ್ಬಿಣ, ಉಳಿದ ಜಲ್ಲಿ ರಾಶಿ. ಹೊಂಡ ತೋಡಿಯೇ ಇಲ್ಲ. ಬಿಲ್ ಆಗಿದೆಯಾ ಅಂತ ಕೇಳಿದ್ದಕ್ಕೆ "ಅದು ಸಿವಿಲ್‌ನವರನ್ನ ಕೇಳ್ಬೇಕು" ಅಂದ್ರು.

ಮಳೆ_ಮಗಾ
🤣🤣 ಪೇಪರ್ ಮೇಲೆ ಕೆರೆ!

ಕಾನೂನು_ಕಟ್ಟೆ
ಈಗ ಆರ್‌ಟಿಐ ಹಾಕ್ಲೇಬೇಕು. ಅಳತೆ ಪುಸ್ತಕದ ಪ್ರತಿ ಕೇಳಿ. ಹೊಂಡದ ಅಗೆತ ಬರೆದಿದ್ರೆ ಅದು ಚರಂಡಿ ವಿಷಯವಾಗಿ ಉಳಿಯಲ್ಲ.

ಧಾರವಾಡದಾಂವ
ಪುಸ್ತಕ ಆಮ್ಯಾಲೆ ನೋಡ್ರಿ. ಮದಲ ಡ್ರಮ್ಮ ಸರಸಾಕ ಹೇಳ್ರಿ, ಮಳಿ ಅರ್ಜಿ ನೋಡಿ ಬರಂಗಿಲ್ಲ.

ಕೆರೆ_ಕೋಡಿ
ಡ್ರಾಯಿಂಗ್‌ನಲ್ಲಿ ತೂಬಿನ ಮಟ್ಟ ಎಷ್ಟು ಅಂತ ಬರೆದಿತ್ತಾ? ಹೊಂಡದ ತಳ ರಸ್ತೆ ಚರಂಡಿಯ ತಳಕ್ಕಿಂತ ಕೆಳಗಿದ್ರೆ ಜೋರು ಮಳೆಯಲ್ಲಿ ಚರಂಡಿ ನೀರೇ ಹಿಂದಕ್ಕೆ ಹೊಂಡಕ್ಕೆ ಬರುತ್ತೆ. ವಾಕಿಂಗ್ ಅಂಕಲ್ ಹೇಳಿದ್ದು ಇಲ್ಲೇ ಕೆಲಸಕ್ಕೆ ಬರೋದು. ರಸ್ತೆ ಎತ್ತರ ಆದಾಗ ಚರಂಡಿಯೂ ಮೇಲೆ ಹೋಗಿದ್ರೆ ಹಳೇ ಡ್ರಾಯಿಂಗ್ ಪ್ರಕಾರ ತೋಡಿ ಪ್ರಯೋಜನ ಇಲ್ಲ.

ಐದನೇ_ಕ್ರಾಸ್
ಹೊಂಡದ ಮಟ್ಟ ಬರೆದಿದೆ, ಫೋಟೋ ತಗೊಂಡಿದ್ದೀನಿ. ಚರಂಡಿ ಮಟ್ಟ ಎಲ್ಲೂ ಇಲ್ಲ.

ಲೆಕ್ಕದ_ಮೇಷ್ಟ್ರು
ಯಾವುದಾದ್ರೂ ಮೇಸ್ತ್ರಿ ಹತ್ರ ಟ್ಯೂಬ್ ಲೆವೆಲ್ ಈಸ್ಕೊಳ್ಳಿ. ಪಾರದರ್ಶಕ ಪೈಪು, ಒಳಗೆ ನೀರು, ಮಧ್ಯೆ ಗಾಳಿಗುಳ್ಳೆ ಇರ್ಬಾರ್ದು ಅಷ್ಟೇ. ಗೇಟಿನ ಮೆಟ್ಟಿಲಿಗೆ ಅವರ ಡ್ರಾಯಿಂಗ್‌ನಲ್ಲಿ ಮಟ್ಟ ಕೊಟ್ಟಿರ್ತಾರೆ. ಅಲ್ಲಿಂದ ಚರಂಡಿ ತಳಕ್ಕೆ ಎಷ್ಟು ಇಳಿತ ಇದೆ ಅಳೆದು ಇಲ್ಲಿ ಹಾಕಿ. ಸ್ಟೇಷನ್ ಒಳಗೆ ಹೋಗೋದೇ ಬೇಡ, ಎಲ್ಲ ರಸ್ತೆಯಿಂದಲೇ ಆಗುತ್ತೆ.

ವಾಕಿಂಗ್_ಅಂಕಲ್
ಭಾನುವಾರ ಬೆಳಗ್ಗೆ ಆರೂವರೆಗೆ ನಾನು ಅಲ್ಲೇ ಇರ್ತೀನಿ. ಪೈಪಿನ ಒಂದು ತುದಿ ಹಿಡ್ಕೋತೀನಿ. ಚರಂಡಿ ಚಪ್ಪಡಿ ಎತ್ತೋಕೆ ಹುಡುಗರನ್ನ ಕರ್ಕೊಂಡು ಬನ್ನಿ, ಅದು ನನ್ನ ಕೈಲಾಗಲ್ಲ.

ಮಳೆ_ಮಗಾ
ನಾನು ಬರ್ತೀನಿ ಅಂಕಲ್. ಆರೂವರೆ ಅಂದ್ರೆ ಏಳು ತಾನೇ?